ಒಂದು ಹಕ್ಕಿಯ ನೆಪ, ಒಂದು ನಾಯಿಯ ನೆಪ: ಹಾಗೆ ನಿಮಗೆ ಸಿಕ್ಕ ಮನುಷ್ಯರು ಯಾರು?

ಎರಡನೇ ಮಹಡಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಒಂದು ಖುಷಿಯ ವಿಷಯ ಹೇಳಬೇಕು, ಆಮೇಲೆ ಒಂದು ಪ್ರಶ್ನೆ ಕೇಳಬೇಕು.

ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಹಗ್ಗವಿದೆ. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅದರ ತುದಿಯಲ್ಲಿ ಏನೋ ಕಸ ನೇತಾಡುತ್ತಿತ್ತು. ನಾರು, ಒಣಗಿದ ಎಲೆಯ ಚೂರು, ಜೇಡರ ಬಲೆ. ಕಿತ್ತು ಬಿಸಾಡೋಣ ಅಂತ ಕೈ ಚಾಚಿದ್ದೆ. ಅಷ್ಟರಲ್ಲಿ ಬೆರಳುದ್ದದ ಒಂದು ಹಕ್ಕಿ ಬಾಯಲ್ಲಿ ಇನ್ನೊಂದು ನಾರು ಕಚ್ಚಿಕೊಂಡು ಬಂದು ಅದೇ ಹಗ್ಗದ ಮೇಲೆ ಕೂತಿತು. ಸೂರಕ್ಕಿ! ನಾನು ಸುಮ್ನೆ ಒಳಗೆ ಬಂದುಬಿಟ್ಟೆ.

ಕೆಲವೇ ದಿನಗಳಲ್ಲಿ ಅದು ಸೋರೆಕಾಯಿಯ ಆಕಾರದ ಪುಟ್ಟ ಚೀಲವಾಯಿತು. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಮಳೆ ಬೀಳದಂತೆ ಒಂದು ಸೂರು. ಒಳಗೆ ಎಕ್ಕದ ಕಾಯಿಯ ಹತ್ತಿ ಹಾಸಿತ್ತು. ನಮ್ಮ ಮನೆಯ ಹತ್ತಿರ ಎಕ್ಕದ ಗಿಡ ಎಲ್ಲಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕೆ ಗೊತ್ತಿತ್ತು.

ಮೂರನೇ ದಿನ ಯಾರೋ ಬಾಗಿಲು ತಟ್ಟಿದರು. ಕೆಳಗಿನ ಮನೆಯ ಅಮ್ಮ. ಈ ಕಟ್ಟಡಕ್ಕೆ ಬಂದು ನಾಲ್ಕು ವರ್ಷವಾಗಿತ್ತು, ಅವರ ಜೊತೆ ಒಂದು ಮಾತೂ ಆಡಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಒಂದು ನಗು, ಅಷ್ಟೇ. ಅವರು ಒಳಗೂ ಬರದೆ ಹೊಸ್ತಿಲಲ್ಲೇ ನಿಂತು ಹೇಳಿದರು: "ಕೆಳಗಿಂದ ಗೂಡು ಕಾಣ್ತದೆ. ನೀವು ಆ ಹಗ್ಗಕ್ಕೆ ಬಟ್ಟೆ ಹಾಕ್ಬೇಡಿ. ನಮ್ಮ ಹಗ್ಗ ಅರ್ಧ ಖಾಲಿ ಉಂಟು, ಅಲ್ಲಿ ಹಾಕಿ."

ಒಂದೂವರೆ ತಿಂಗಳು ನಮ್ಮ ಬಟ್ಟೆ ಅವರ ಮನೆಯಲ್ಲಿ ಒಣಗಿತು. ಬಟ್ಟೆ ತರಲು ಹೋದಾಗಲೆಲ್ಲ ಒಂದು ಲೋಟ ಕಾಫಿ. ಅವರು ಕುಂದಾಪುರದವರು, ಮಗನ ಜೊತೆ ಇರಲು ಬಂದವರು. ಹಗಲೆಲ್ಲ ಮನೆಯಲ್ಲಿ ಒಬ್ಬರೇ. ಗೂಡಿನಲ್ಲಿ ಎರಡು ಮೊಟ್ಟೆ ಅಂತ ಮೊದಲು ಹೇಳಿದ್ದೂ ಅವರೇ. ಮೆಲ್ಲಗೆ ಮೇಲೆ ಬಂದು, ಉಸಿರು ಬಿಗಿಹಿಡಿದು ನೋಡಿ ಹೋಗುತ್ತಿದ್ದರು. ಮರಿಗಳು ಹಾರಿದ ದಿನ ಇಬ್ಬರೂ ಕಿಟಕಿಯ ಒಳಗೆ ಬಗ್ಗಿ ಕೂತಿದ್ದೆವು. ಎರಡನೆಯ ಮರಿ ಹಾರಲು ಹೆದರಿ ಹಗ್ಗದ ಮೇಲೇ ಅರ್ಧ ಗಂಟೆ ಕೂತಿತ್ತು. ಅವರು ನನ್ನ ಕೈ ಹಿಡಿದುಕೊಂಡಿದ್ದರು.

ಈಗ ಗೂಡು ಖಾಲಿ. ಆದರೆ ನಾಲ್ಕು ಗಂಟೆಯ ಕಾಫಿ ನಿಂತಿಲ್ಲ.

ಪ್ರಶ್ನೆ ಇದು. ನಿಮಗೂ ಹೀಗೆ ಒಂದು ಪ್ರಾಣಿ, ಒಂದು ಹಕ್ಕಿಯಿಂದಾಗಿ ಯಾರಾದರೂ ಸಿಕ್ಕಿದ್ದಾರಾ? ದೊಡ್ಡ ಕಥೆ ಬೇಡ. ನೆನೆದರೆ ಮನಸ್ಸು ಹಗುರಾಗುವಂಥದ್ದು ಬರೆಯಿರಿ.

ಹುಣಸೆನೆರಳು (ಮದ್ದೂರು)

ಸಿಕ್ಕಿದ್ದಾರೆ. ಬರೆಯುತ್ತೇನೆ.

ನನ್ನ ಅತ್ತೆಯ ಮನೆ ಕೊಕ್ಕರೆ ಬೆಳ್ಳೂರಿನಲ್ಲಿ. ಊರು ಗೊತ್ತಿಲ್ಲದವರಿಗೆ ಒಂದು ಮಾತು: ಇದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಹಳ್ಳಿ, ಶಿಂಷಾ ನದಿ ಹತ್ತಿರದಲ್ಲೇ ಇದೆ. ಚಳಿಗಾಲದಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ (ಪೆಲಿಕನ್) ಬಂದು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಕಾಡಿನಲ್ಲಿ ಅಲ್ಲ, ಊರೊಳಗೆ. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದರೆ ತಲೆಯ ಮೇಲೆ ಮರಿಗಳ ಗಲಾಟೆ. ವಾಸನೆ ಇರುತ್ತೆ, ಸುಳ್ಳು ಹೇಳಲ್ಲ. ಆದರೆ ಮರದ ಕೆಳಗೆ ಗುಂಡಿ ತೋಡಿ, ಬಿದ್ದ ಹಿಕ್ಕೆಯನ್ನು ಮಣ್ಣಿನ ಜೊತೆ ಸೇರಿಸಿ ಗದ್ದೆಗೆ ಗೊಬ್ಬರ ಮಾಡುತ್ತಾರೆ. ಊರಿನ ಹೆಂಗಸರು ಹೇಳೋದು, ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ.

ನನಗೆ ಆಗ ಹನ್ನೊಂದು ವರ್ಷ. ಬೇಸಿಗೆ ರಜೆ. ಗಾಳಿಗೆ ಒಂದು ಹೆಜ್ಜಾರ್ಲೆ ಮರಿ ಹುಣಸೆ ಮರದಿಂದ ಬಿತ್ತು. ನಾನು ಅಳುತ್ತಾ ನಿಂತಿದ್ದೆ. ಪಕ್ಕದ ಬೀದಿಯ ಒಬ್ಬ ತಾತ ಬಂದು ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡರು. "ಅಳೋದು ಆಮೇಲೆ, ಮೊದ್ಲು ಮೀನು ತಗೊಂಡು ಬಾ" ಅಂದರು. ನಾನು ಓಡಿದೆ. ಆ ಬೇಸಿಗೆ ಪೂರ್ತಿ ನನ್ನ ಕೆಲಸ ಅದೇ. ಮರಿಯ ಹೊಟ್ಟೆ ನನ್ನ ಹೊಟ್ಟೆಗಿಂತ ದೊಡ್ಡದು! ಬುಟ್ಟಿ ಕಂಡರೆ ಸಾಕು, ರೆಕ್ಕೆ ಬಡಿಯುತ್ತಾ ಅಡ್ಡಾದಿಡ್ಡಿ ಓಡಿ ಬರುತ್ತಿತ್ತು. ಆ ತಾತ ಯಾವತ್ತೂ ನನ್ನನ್ನು ಹೊಗಳಲಿಲ್ಲ. ನಾನು ಹೋಗುವಷ್ಟರಲ್ಲಿ ಬುಟ್ಟಿ ತೊಳೆದು ಇಟ್ಟಿರುತ್ತಿದ್ದರು. ಅದೇ ನನಗೆ ಹೊಗಳಿಕೆ.

ನಾನು ಶಾಲೆಗೆ ವಾಪಸ್ ಹೋದ ಮೇಲೆ ಮರಿ ಹಾರಿ ಹೋಯಿತು. ತಾತ ಅತ್ತೆಯ ಕೈಲಿ ಹೇಳಿ ಕಳಿಸಿದ್ದರು: "ನಿನ್ನ ಮಗ ಮೀನು ಹಿಡಿಯೋದು ಕಲ್ತ ಅಂತ ಹೇಳು."

ಎರಡನೇ ಮಹಡಿ

"ನಿನ್ನ ಮಗ"! ಇದನ್ನು ಕೆಳಗಿನ ಮನೆ ಅಮ್ಮನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದರು.

ಶೇಂಗಾಹೊಲ (ಗದಗ)

ನಮ್ಮ ಕಡೆ ಮಾಗಡಿ ಕೆರೆ ಐತಿ, ಶಿರಹಟ್ಟಿ ತಾಲ್ಲೂಕು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿತು. ಆದರೆ ನಾನು ಹೇಳುವುದು ಅದಕ್ಕೂ ಮೊದಲಿನ ಮಾತು.

ಬೈಕಿನಲ್ಲಿ ನೋಡಲು ಹೋಗಿದ್ದೆ, ಬೆಳಗಿನ ಆರು ಗಂಟೆ. ಬದುವಿನ ಮೇಲೆ ಒಬ್ಬ ಅಜ್ಜ ಕಂಬಳಿ ಹೊದ್ದು ಕೂತಿದ್ದ. ಹಕ್ಕಿಗಳು ರಾತ್ರಿ ಹೊಲದಲ್ಲಿ ಮೇಯ್ದು ಕೆರೆಗೆ ವಾಪಸ್ ಬರುವ ಹೊತ್ತು. ಸಾಲುಸಾಲಾಗಿ ಕೂಗುತ್ತಾ ಇಳಿಯುತ್ತಿದ್ದವು. "ನಿಮ್ಮ ಬೆಳಿ ತಿಂತಾವಲ್ಲ ಅಜ್ಜಾ" ಅಂದೆ. ಅವ ಹಕ್ಕಿಗಳನ್ನು ನೋಡುತ್ತಲೇ ಹೇಳಿದ: "ತಿಂತಾವ. ಅಷ್ಟು ದೂರದಿಂದ ಬಂದಾವ, ಹಸಗೊಂಡು ಮಲಗಬೇಕೇನು?"

ಆಮೇಲೆ ಬುತ್ತಿ ಬಿಚ್ಚಿದ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಅರ್ಧ ನನಗೆ. ಆ ಬೆಳಿಗ್ಗೆ ತಿಂದ ರೊಟ್ಟಿಯ ರುಚಿ ಆಮೇಲೆ ಎಲ್ಲೂ ಸಿಕ್ಕಿಲ್ಲ.

ಹಾಲ್ಟಿಂಗ್ ಬಸ್ಸು (ಶಿರಸಿ)

ನನ್ನದು ಸ್ವಲ್ಪ ಉದ್ದ. ಸಹಿಸಿಕೊಳ್ಳಿ.

ನಮ್ಮೂರು ಶಿರಸಿಯಿಂದ ಒಳಗೆ, ಘಟ್ಟದ ಅಂಚಿಗೆ. ನಾನು ಹೈಸ್ಕೂಲಿನಲ್ಲಿದ್ದಾಗ ದಿನಕ್ಕೆ ಎರಡೇ ಬಸ್ಸು. ರಾತ್ರಿ ಎಂಟಕ್ಕೆ ಬರುವುದು ಹಾಲ್ಟಿಂಗ್ ಬಸ್ಸು. ಡ್ರೈವರ್, ಕಂಡಕ್ಟರ್ ಇಬ್ಬರೂ ಬಸ್ಸಿನಲ್ಲೇ ಮಲಗಿ, ಬೆಳಿಗ್ಗೆ ಆರೂವರೆಗೆ ಹೊರಡುತ್ತಿದ್ದರು. ಊರಿನವರು ಸರದಿಯಲ್ಲಿ ಅವರಿಗೆ ಊಟ ಹಾಕುತ್ತಿದ್ದರು. ಯಾರೂ ಲೆಕ್ಕ ಇಟ್ಟಿರಲಿಲ್ಲ, ಹಾಗೇ ನಡೆದುಕೊಂಡು ಬಂದಿತ್ತು.

ಒಂದು ವರ್ಷ ವಿಜಯಪುರ ಕಡೆಯ ಡ್ರೈವರ್ ಒಬ್ಬರು ಬಂದರು. ಎತ್ತರದ ಆಳು, ದೊಡ್ಡ ದನಿ. ಅವರು ಹಾಲ್ಟಿಂಗ್ ಅನ್ನುತ್ತಿರಲಿಲ್ಲ, "ವಸ್ತಿ ಗಾಡಿ" ಅನ್ನುತ್ತಿದ್ದರು. ನಮ್ಮ ಮಾತು ಅವರಿಗೆ ಪೂರ್ತಿ ತಿಳಿಯದು, ಅವರ ಮಾತು ನಮಗೆ. ಮಳೆಗಾಲ ಶುರುವಾದಾಗ ಪಾಪ ಕಂಗಾಲಾಗಿದ್ದರು. ಇಷ್ಟು ಮಳೆ ಅವರು ಕಂಡೇ ಇರಲಿಲ್ಲ. ತಿಂಗಳುಗಟ್ಟಲೆ ಬಟ್ಟೆ ಒಣಗದ ಊರಿನಲ್ಲಿ, ಕತ್ತಲಲ್ಲಿ, ಜಿಗಣೆಗಳ ನಡುವೆ ಅವರು ಒಬ್ಬಂಟಿಯಾಗಿಬಿಟ್ಟಿದ್ದರು ಅಂತ ನನಗೆ ಈಗ ಅರ್ಥವಾಗುತ್ತದೆ.

ಆಗ ಒಂದು ಕಂದು ನಾಯಿ ಬಸ್ಸಿನ ಕೆಳಗೆ ಮಲಗಲು ಶುರು ಮಾಡಿತು. ಎಂಜಿನ್ನಿನ ಬಿಸಿಗೆ ಬಂದಿದ್ದಿರಬೇಕು. ಡ್ರೈವರ್ ಅದಕ್ಕೆ ತಮ್ಮ ಕಡಕ್ ರೊಟ್ಟಿ ಮುರಿದು ಹಾಕಿದರು. ಮರುದಿನದಿಂದ ಅದು ಎಂಟು ಗಂಟೆಗೆ ಮೊದಲೇ ತಿರುವಿನಲ್ಲಿ ಹೋಗಿ ನಿಲ್ಲುತ್ತಿತ್ತು. ಕಂಡಕ್ಟರ್ "ರೈಟ್" ಅಂದಾಗಲೆಲ್ಲ ಬಾಲ ಅಲ್ಲಾಡಿಸುತ್ತಿತ್ತು. ಅದಕ್ಕೇ ನಾವು ಮಕ್ಕಳೆಲ್ಲ ಸೇರಿ ಅದಕ್ಕೆ ರೈಟ್ ಅಂತಲೇ ಹೆಸರಿಟ್ಟೆವು.

ರೈಟ್ ಸಿಕ್ಕ ಮೇಲೆ ಆ ಮನುಷ್ಯ ಬದಲಾದರು. ರಾತ್ರಿ ಬಸ್ಸು ನಿಲ್ಲಿಸಿದ ಮೇಲೆ ನಾಯಿಯ ಜೊತೆ ಊರು ಸುತ್ತುತ್ತಿದ್ದರು. ನಾಯಿ ಯಾವ ಅಂಗಳಕ್ಕೆ ಹೊಕ್ಕಿತೋ ಅಲ್ಲಿ ಇವರೂ ಎರಡು ಮಾತು. ನನ್ನ ಅಜ್ಜಿ "ತಮಾ, ಕವಳ ಹಾಕ್ತ್ಯನಾ?" ಅಂತ ಎಲೆ ಅಡಿಕೆ ತಟ್ಟೆ ಮುಂದೆ ಮಾಡುತ್ತಿದ್ದಳು. ಅವರು ಜಗಲಿಯಲ್ಲಿ ಕೂತು ನಮಗೆ ಬಿಜಾಪುರದ ಬಿಸಿಲಿನ ಕಥೆ ಹೇಳುತ್ತಿದ್ದರು. ಕಾರ ಹುಣ್ಣಿಮೆಯ ದಿನ ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಓಡಿಸುವ ಕಥೆ ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ. ನಮ್ಮಲ್ಲಿ ದೀಪಾವಳಿಗೆ ದನಗಳ ಕೊರಳಿಗೆ ಅಡಿಕೆ ಸರ ಕಟ್ಟುತ್ತಾರಲ್ಲ, ಆ ವರ್ಷ ರೈಟ್‌ಗೂ ಒಂದು ಚೆಂಡುಹೂವಿನ ಮಾಲೆ. ಬಸ್ಸಿಗೂ ಒಂದು.

ಎರಡು ವರ್ಷದ ನಂತರ ಅವರಿಗೆ ವರ್ಗ ಆಯಿತು. ಕೊನೆಯ ಬೆಳಿಗ್ಗೆ ಊರಿನ ಅರ್ಧ ಜನ ಬಸ್ಸಿನ ಹತ್ತಿರ. ಅವರು ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ನಾಯಿಯ ತಲೆ ಸವರಿ, ಹತ್ತಿ ಕೂತು, ಹಾರ್ನ್ ಹೊಡೆದು ಹೊರಟುಬಿಟ್ಟರು.

ಕೇಳಿ, ಮುಂದೆ ಇದೆ. ಹೊಸ ಡ್ರೈವರ್ ಬಂದ ಮೊದಲ ರಾತ್ರಿಯೇ ತಿರುವಿನಲ್ಲಿ ಬಸ್ಸು ನಿಧಾನ ಮಾಡಿ, ಕಿಟಕಿಯಿಂದ ತಲೆ ಹೊರಹಾಕಿ "ರೈಟ್!" ಅಂತ ಕೂಗಿದರು. ಕೈಯಲ್ಲಿ ರೊಟ್ಟಿಯ ಗಂಟು. ಹಳಬರು ಡಿಪೋದಲ್ಲಿ ಚಾರ್ಜು ಒಪ್ಪಿಸುವಾಗ ಬಸ್ಸಿನ ಬ್ರೇಕು, ಗೇರಿನ ವಿಷಯದ ಜೊತೆಗೆ ನಾಯಿಯ ವಿಷಯವನ್ನೂ ಹೇಳಿ, ರೊಟ್ಟಿ ಕೊಟ್ಟು ಕಳಿಸಿದ್ದರಂತೆ.

ನನ್ನ ಅಕ್ಕನ ಮದುವೆಗೆ ಅವರು ಅಷ್ಟು ದೂರದಿಂದ ಹೆಂಡತಿ ಮಕ್ಕಳ ಜೊತೆ ಬಂದಿದ್ದರು. ರೈಟ್ ಆಗ ಮುದಿಯಾಗಿತ್ತು, ಕಣ್ಣು ಮಂಜು. ದನಿ ಕೇಳಿದ್ದೇ ಚಪ್ಪರದ ಕೆಳಗಿನಿಂದ ಎದ್ದು ಬಂತು.

ಕರುಣಿಮನೆ (ತೀರ್ಥಹಳ್ಳಿ)

ಬಸ್ಸಿನ ಜೊತೆ ನಾಯಿಯ ಚಾರ್ಜೂ ಒಪ್ಪಿಸುವುದು! ಓದಿ ಕಣ್ಣು ತುಂಬಿ ಬಂತು. ಅಡುಗೆ ಮನೆಯಲ್ಲಿ ಸಾರು ಉಕ್ಕಿದ್ದು ಗೊತ್ತೇ ಆಗಲಿಲ್ಲ.

ಮಾಟುಂಗ ಮಾಣಿ (ಮುಂಬೈ)

ಊರು ಉಡುಪಿ ಹತ್ತಿರ. ಮಾಟುಂಗದ ಒಂದು ಸಣ್ಣ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ನಮ್ಮ ಹಿಂಬಾಗಿಲಿಗೆ ಒಂದು ಬಿಳಿ ಬೆಕ್ಕು ಬರುತ್ತದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಹೋಟೆಲ್ ಮುಚ್ಚಿತು. ಕೆಲವು ವಾರ ಕಾದು ನಾನು ಊರಿಗೆ ಹೊರಟೆ. ಮನಸ್ಸೆಲ್ಲ ಬೆಕ್ಕಿನ ಮೇಲೆ. ಬೀದಿಯ ತುದಿಯಲ್ಲಿ ಮೀನು ಮಾರುವ ಹೆಂಗಸೊಬ್ಬರು ಇದ್ದರು, ಇಲ್ಲಿಯ ಮೀನುಗಾರರ 'ಕೋಳಿ' ಸಮಾಜದವರು. ಅಲ್ಲಿಯವರೆಗೆ ಅವರ ಜೊತೆ ನನ್ನ ಮಾತು ಬರೀ ಚೌಕಾಸಿ. ಹೋಗುವ ದಿನ ಕೇಳಿದೆ, ಬೆಕ್ಕನ್ನು ನೋಡಿಕೊಳ್ತೀರಾ ಅಂತ. ತಲೆ ಅಲ್ಲಾಡಿಸಿದರು, ಫೋನ್ ನಂಬರ್ ತಗೊಂಡರು.

ಪ್ರತಿ ಭಾನುವಾರ ಅವರ ಫೋನ್ ಬರುತ್ತಿತ್ತು. ಮರಾಠಿಯಲ್ಲಿ "ಐಕ್" ಅನ್ನುವುದು, ಅಂದರೆ ಕೇಳು ಅಂತ, ಆಮೇಲೆ ಫೋನನ್ನು ಬೆಕ್ಕಿನ ಮುಂದೆ ಹಿಡಿಯುವುದು. ಅದು ಮ್ಯಾಂವ್ ಅಂದರೆ ಫೋನ್ ಕಟ್. ಏಳು ತಿಂಗಳು ಹೀಗೇ. ಅವರ ವ್ಯಾಪಾರವೂ ಆಗ ನಿಂತಿತ್ತು ಅಂತ ನನಗೆ ಗೊತ್ತಾದದ್ದು ವಾಪಸ್ ಹೋದ ಮೇಲೆ.

ಅವರ ಮೊಮ್ಮಗಳು ಈಗ ನಮ್ಮಲ್ಲಿ ಬೆಳಿಗ್ಗೆ ಇಡ್ಲಿ ತಿಂದೇ ಕಾಲೇಜಿಗೆ ಹೋಗುವುದು. ಬಿಲ್ ಇಲ್ಲ.

ರಾತ್ರಿಪಾಳಿ (ಚನ್ನರಾಯಪಟ್ಟಣ)

ನಾನು ಪಶುವೈದ್ಯ. ನಿಮ್ಮೆಲ್ಲರಿಗೆ ಒಂದು ಪ್ರಾಣಿಯಿಂದ ಒಬ್ಬ ಮನುಷ್ಯ ಸಿಕ್ಕಿದರೆ, ನನಗೆ ಕೆಲಸವೇ ಅದು. ಒಂದನ್ನು ಮಾತ್ರ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ರಾತ್ರಿ ಒಂದು ಗಂಟೆಗೆ ಫೋನ್: ಹಸು ಕರು ಹಾಕಲಾರದೆ ಒದ್ದಾಡುತ್ತಿದೆ. ಹೋಗಿ ನೋಡಿದರೆ ಕರುವಿನ ತಲೆ ಹಿಂದಕ್ಕೆ ತಿರುಚಿಕೊಂಡಿದೆ. ಮುಂಗಾಲು ಮಾತ್ರ ಕಾಣುತ್ತಿದೆ. ಹಾಗೇ ಎಳೆದರೆ ತಾಯಿ, ಕರು ಎರಡೂ ಹೋಗುತ್ತವೆ. ಕರುವನ್ನು ಮೊದಲು ಒಳಕ್ಕೆ ತಳ್ಳಿ, ತಲೆಯನ್ನು ನೇರ ಮಾಡಿ, ಆಮೇಲೆ ಹಸು ಮುಕ್ಕುವಾಗ ಮಾತ್ರ ಎಳೆಯಬೇಕು. ಓದಿ ಗೊತ್ತಿತ್ತು. ಒಬ್ಬನೇ ಮಾಡಿರಲಿಲ್ಲ.

ಕರೆಂಟ್ ಇರಲಿಲ್ಲ. ಆ ಬೀದಿಯವರೆಲ್ಲ ಎದ್ದು ಬಂದರು. ಒಬ್ಬರು ಲಾಟೀನು, ಒಬ್ಬರು ಟಾರ್ಚು, ಒಬ್ಬರು ಬಿಸಿನೀರು. ಮನೆಯ ಯಜಮಾನಿ ಹಸುವಿನ ಗಂಗೆದೊಗಲು ಸವರುತ್ತಾ ಅದರ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದರು. ನನ್ನ ಕೈ ಭುಜದವರೆಗೆ ಒಳಗೆ, ಮರಗಟ್ಟಿ ಹೋಗಿತ್ತು. ಒಂದೂವರೆ ಗಂಟೆಯಾದ ಮೇಲೆ ಬೆರಳಿಗೆ ಕರುವಿನ ದವಡೆ ಸಿಕ್ಕಿತು. ಕರುವಿನ ತಲೆ ನೇರವಾಯಿತು. ಕರು ಬಂತು, ಆದರೆ ಉಸಿರಿಲ್ಲ. ಮೂಗು ಬಾಯಿಯ ಲೋಳೆ ತೆಗೆದು, ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿ, ಒಣ ಗೋಣಿಯಿಂದ ಎದೆ ಉಜ್ಜಿದೆವು. ಸೀನಿತು! ಆ ಕತ್ತಲಲ್ಲಿ ಇಪ್ಪತ್ತು ಜನ ಒಟ್ಟಿಗೆ ನಕ್ಕ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಮೊದಲ ಹಾಲು ಆದಷ್ಟು ಬೇಗ ಕರುವಿಗೇ ಕುಡಿಸಿ, ಹೊಟ್ಟೆ ತುಂಬಾ ಕುಡಿಸಿ ಅಂತ ಹೇಳಿ ಬಂದೆ. ರೋಗ ತಡೆಯುವ ಶಕ್ತಿ ಕರುವಿಗೆ ಸಿಗುವುದೇ ಆ ಹಾಲಿನಿಂದ. ಮೂರನೇ ದಿನ ಆ ಮನೆಯ ಹುಡುಗ ಎಂಟು ಕಿಲೋಮೀಟರ್ ಸೈಕಲ್ ತುಳಿದು ಆಸ್ಪತ್ರೆಗೆ ಬಂದ. ಟಿಫಿನ್ ಡಬ್ಬಿಯಲ್ಲಿ ಗಿಣ್ಣು. ಏಲಕ್ಕಿ ಘಮ. ಬಾಯಿಪಾಠ ಮಾಡಿಕೊಂಡು ಬಂದಿದ್ದ: "ಕರು ಕುಡ್ದು ಮಿಕ್ಕಿದ್ದರಲ್ಲಿ ಮಾಡಿರೋದು ಸಾರ್, ಅಮ್ಮ ಇದನ್ನ ಹೇಳ್ಲೇಬೇಕು ಅಂದ್ರು."

ಆ ಹುಡುಗ ಈಗ ಪಶುವೈದ್ಯ ಕಾಲೇಜಿನಲ್ಲಿ ಎರಡನೇ ವರ್ಷ.

ಹುಣಸೆನೆರಳು

ಡಾಕ್ಟ್ರೇ, ಒಂದು ಕೇಳಬೇಕಿತ್ತು. ಬಿದ್ದ ಹಕ್ಕಿಮರಿಯನ್ನು ಮುಟ್ಟಿದರೆ ತಾಯಿ ಸೇರಿಸಲ್ಲ ಅಂತಾರಲ್ಲ?

ರಾತ್ರಿಪಾಳಿ

ಅದು ಸುಳ್ಳು ನಂಬಿಕೆ. ಮನುಷ್ಯನ ವಾಸನೆಗೆ ತಾಯಿ ಮರಿಯನ್ನು ಬಿಡುವುದಿಲ್ಲ. ಪುಕ್ಕ ಬಂದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ ಅಂತ. ಬೆಕ್ಕು, ನಾಯಿ ಬರದ ಹಾಗೆ ಹತ್ತಿರದ ಪೊದೆಗೆ ಬಿಟ್ಟು ದೂರ ಸರಿಯಿರಿ, ತಾಯಿ ಬರುತ್ತದೆ. ಪುಕ್ಕವೇ ಬಾರದ ಮರಿಯಾದರೆ ಮೆಲ್ಲಗೆ ಎತ್ತಿ ಗೂಡಿಗೇ ಇಡಿ. ಬಾಯಿಗೆ ನೀರು ಹಾಕಬೇಡಿ. ನಿಮ್ಮ ಹೆಜ್ಜಾರ್ಲೆಯ ಹಾಗೆ ಅಷ್ಟು ಎತ್ತರದಿಂದ ಬಿದ್ದು, ಗೂಡಿಗೆ ವಾಪಸ್ ಇಡಲಾಗದಿದ್ದರೆ ಮಾತ್ರ ತಿಳಿದವರ ಕೈಗೆ ಕೊಡಬೇಕು. ನಿಮ್ಮ ತಾತ ಸರಿಯಾಗಿಯೇ ಮಾಡಿದರು.

ಶರಾವತಿದಂಡೆ (ಹೊನ್ನಾವರ)

ನಮ್ಮ ಕಾಸರಕೋಡಿನ ದಂಡೆಗೆ ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆ ಬಂದು ಮೊಟ್ಟೆ ಇಡುತ್ತದೆ. ಆಲಿವ್ ರಿಡ್ಲಿ ಅನ್ನುತ್ತಾರೆ. ಒಂದು ಗುಂಡಿಯಲ್ಲಿ ನೂರರ ಆಸುಪಾಸು ಮೊಟ್ಟೆ. ಹೆಚ್ಚುಕಡಿಮೆ ಐವತ್ತು ದಿನಕ್ಕೆ ಮರಿ. ಅಲ್ಲಿಯ ಮೀನುಗಾರ ಹುಡುಗರು ಗುಂಡಿಯ ಸುತ್ತ ಬಲೆ ಕಟ್ಟಿ ಕಾಯುತ್ತಾರೆ.

ನನ್ನ ಅಮ್ಮನಿಗೆ ಎಪ್ಪತ್ತೆಂಟು. ಹುಟ್ಟಿದಾಗಿನಿಂದ ಕಡಲಿನ ಸದ್ದು ಕೇಳುತ್ತಲೇ ಬೆಳೆದವಳು, ಆದರೆ ಇದನ್ನು ನೋಡಿರಲಿಲ್ಲ. ಮಂಡಿ ನೋವು, ಮರಳಿನಲ್ಲಿ ನಡೆಯಲಾರಳು. ಆ ಹುಡುಗರಲ್ಲಿ ಒಬ್ಬನಿಗೆ ಸುಮ್ನೆ ಹೇಳಿದ್ದೆ. ಒಂದು ದಿನ ಬೆಳಗಿನ ಜಾವ ಅವನ ಫೋನ್. "ಮರಿ ಏಳ್ತಾ ಇದ್ದೋ, ಅಮ್ಮನ್ನ ಕರ್ಕೊಂಡು ಬನ್ನಿ." ಹೋದರೆ, ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ನಾಲ್ಕು ಹುಡುಗರು ರಸ್ತೆಯ ಬದಿಗೇ ನಿಂತಿದ್ದಾರೆ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಉತ್ಸವಮೂರ್ತಿಯ ಹಾಗೆ ಹೊತ್ತು ದಂಡೆಗೆ ಒಯ್ದರು!

ಅಂಗೈಗಿಂತ ಚಿಕ್ಕ ಮರಿಗಳು ಮರಳಿನ ಮೇಲೆ ಗೆರೆ ಎಳೆಯುತ್ತಾ ನೀರಿನ ಕಡೆ. ಅಮ್ಮ ಒಂದೊಂದಕ್ಕೂ "ಹೋಗು ಮಗಾ, ಹೋಗು" ಅನ್ನುತ್ತಿದ್ದಳು. ಒಂದು ಮರಿಯನ್ನು ಅಲೆ ಮೂರು ಸಲ ವಾಪಸ್ ತಂದು ಹಾಕಿತು. ನಾಲ್ಕನೇ ಸಲ ಹೋಯಿತು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಅಮ್ಮ ಅವರಿಗೆ ಮನೆಯಿಂದ ತಂದ ಚಕ್ಕುಲಿ ಡಬ್ಬಿ ಕೊಟ್ಟಳು, ಡಬ್ಬಿ ವಾಪಸ್ ಕೊಡಲು ಬರಲೇಬೇಕು ಅಂತ ಮಾತು ತಗೊಂಡಳು. ಡಬ್ಬಿ ಬಂತು. ಮತ್ತೆ ತುಂಬಿ ಹೋಯಿತು. ಹೀಗೇ ನಡೆದಿದೆ.

ಅರಮನೆಬೀದಿ (ಮೈಸೂರು)

ದಸರಾ ಆನೆಗಳು ಬನ್ನಿಮಂಟಪದವರೆಗೆ ಬೆಳಿಗ್ಗೆ ತಾಲೀಮು ನಡೆಯುತ್ತವಲ್ಲ, ಆಗ ನನ್ನ ಮಗಳು ನಾಲ್ಕು ವರ್ಷದವಳು. ಆನೆ ಕಂಡರೆ ಹೆದರಿ ನನ್ನ ಸೆರಗಿನೊಳಗೆ. ಕಾವಾಡಿಯೊಬ್ಬರ (ಮಾವುತನ ಸಹಾಯಕ) ಹೆಂಡತಿ ಪಕ್ಕದಲ್ಲಿ ನಡೆಯುತ್ತಿದ್ದರು, ಸೊಂಟದಲ್ಲಿ ಅವರ ಮಗು. ಅವರು ಮಗಳಿಗೆ ಹೇಳಿದರು: "ಮೇಲೆ ಕೂತವರ ಕಾಲು ನೋಡು ಪುಟ್ಟಿ, ಕಿವಿ ಹಿಂದೆ. ಕಾಲಲ್ಲೇ ಮಾತಾಡ್ತಾರೆ." ಮಗಳು ಸೆರಗಿನಿಂದ ಒಂದು ಕಣ್ಣು ಹೊರಗೆ ಹಾಕಿದಳು. ಆಮೇಲೆ ಎರಡು. ಅವತ್ತು ರಾತ್ರಿ ನನ್ನ ಭುಜದ ಮೇಲೆ ಕೂತು, ಪಾದದಿಂದ ನನ್ನ ಕಿವಿಯ ಹಿಂದೆ ಒತ್ತಿ ಒತ್ತಿ ಮನೆಯೆಲ್ಲ ಸುತ್ತಿಸಿದಳು.

ಶೇಂಗಾಹೊಲ

ಇದನ್ನು ಓದಿ ನಾಳೆ ಮಾಗಡಿಗೆ ಹೋಗಬೇಕು ಅನ್ನಿಸಿದೆ. ಹಕ್ಕಿಗಳು ಈಗ ಇರಲ್ಲ, ಗೊತ್ತು. ಅಜ್ಜ ಇರಬಹುದು. ಈ ಸಲ ಬುತ್ತಿ ನನ್ನದು.

ಎರಡನೇ ಮಹಡಿ

ಎಲ್ಲರದ್ದೂ ಓದಿದೆ. ಓದಿದೆ ಅಂದರೆ, ನಾಲ್ಕು ಗಂಟೆಗೆ ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮನೂ ಒಂದು ಹೇಳಿದರು, ಬರೆ ಅಂದರು. ಅವರಿಗೆ ಏಳೆಂಟು ವರ್ಷವಿದ್ದಾಗ ಶಾಲೆಗೆ ಹೋಗಲು ಹೊಳೆ ದಾಟಬೇಕಿತ್ತಂತೆ. ದೋಣಿಯವನ ಹತ್ತಿರ ಒಂದು ಆಡು ಇತ್ತು. ದೋಣಿ ಅಲ್ಲಾಡಿದರೆ ಮಕ್ಕಳು ಅಳುತ್ತಿದ್ದರು. ಅದಕ್ಕೆ ಅವನು ಆಡನ್ನು ದೋಣಿಯ ನಡುವೆ ನಿಲ್ಲಿಸಿ, "ಇದರ ಕಿವಿ ಹಿಡ್ಕೊಳ್ಳಿ, ಇದಕ್ಕೆ ಹೆದರಿಕೆ ಆಗ್ತದೆ" ಅನ್ನುತ್ತಿದ್ದನಂತೆ. ಆಡಿಗೆ ಧೈರ್ಯ ಹೇಳುತ್ತಾ ಹೇಳುತ್ತಾ ಆಚೆ ದಡ ಬಂದೇ ಬಿಡುತ್ತಿತ್ತು.

ಇನ್ನೊಂದು ವಿಷಯ. ಹಳೆಯ ಗೂಡನ್ನು ನಾನು ತೆಗೆದಿರಲಿಲ್ಲ. ಇವತ್ತು ಬೆಳಿಗ್ಗೆ ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ನಾರು ನೇತಾಡುತ್ತಿತ್ತು. ಕೆಳಗೆ ಫೋನ್ ಮಾಡಿ ಹೇಳಿದೆ. ಅವರು ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಬಂದಿದ್ದಾರೆ. ಬರುವಾಗ ಬಕೆಟ್ಟನ್ನೂ ತಂದಿದ್ದಾರೆ, ನಮ್ಮ ಒದ್ದೆ ಬಟ್ಟೆ ಒಯ್ಯಲು.